ಪಾರ್ಕ್ ಸ್ಟ್ರೀಟ್: ಗೋಮಾಳದ ಅಡಿಗಿಳಿದ ಟ್ರಾಮು

ಬಾಸ್ಟನ್ ನಗರದ ನಟ್ಟನಡುವೆ ಒಂದು ಗೋಮಾಳವಿದೆ. ಅಲ್ಲಿಯವರು ಅದನ್ನು ಬಾಸ್ಟನ್ ಕಾಮನ್ ಎನ್ನುತ್ತಾರೆ. 1634ರಲ್ಲಿ ಊರಿನವರೆಲ್ಲರ ದನ ಮೇಯಲಿ ಎಂದು ಬಿಟ್ಟ ಜಾಗ ಅದು. 1830ರವರೆಗೂ ಅಲ್ಲಿ ದನಗಳು ಮೇಯುತ್ತಿದ್ದವು. ಈಗ ಅದರ ಸುತ್ತ ಎತ್ತರದ ಕಟ್ಟಡಗಳು ಎದ್ದಿವೆ, ಒಂದು ಬದಿಯ ಗುಡ್ಡದ ಮೇಲೆ ಚಿನ್ನದ ಗುಮ್ಮಟದ ವಿಧಾನಸಭೆಯಿದೆ. ಟ್ರೆಮಾಂಟ್ ಬೀದಿ ಮತ್ತು ಪಾರ್ಕ್ ಬೀದಿ ಕೂಡುವ ಮೂಲೆಯಲ್ಲಿ, ಹುಲ್ಲಿನ ಅಂಚಿಗೆ, ಬೂದು ಗ್ರಾನೈಟಿನ ಎರಡು ಪುಟ್ಟ ಕಟ್ಟಡಗಳು ಕುಳಿತಿವೆ. ದಪ್ಪ ಗೋಡೆ, ಬಾಗಿದ ಚಾವಣಿ, ಒಳಗೆ ಕತ್ತಲು. ಮೊದಲ ಸಲ ನೋಡಿದವರಿಗೆ ಯಾವುದೋ ಸಿರಿವಂತ ಮನೆತನದ ಸಮಾಧಿ ಅನ್ನಿಸಿದರೆ ಆಶ್ಚರ್ಯವಿಲ್ಲ. ಕಟ್ಟಿದ ಕಾಲದಲ್ಲಿ ಬಾಸ್ಟನ್ನಿನವರೂ ಹಾಗೇ ಅಂದಿದ್ದರು.

ಆ ಬಾಗಿಲಿನಿಂದ ಒಂದಂತಸ್ತು ಮೆಟ್ಟಿಲಿಳಿದರೆ ಸಾಕು, ಪಾರ್ಕ್ ಸ್ಟ್ರೀಟ್ ನಿಲ್ದಾಣ. ಕೈ ಚಾಚಿದರೆ ಸಿಕ್ಕೀತು ಅನ್ನುವಷ್ಟು ತಗ್ಗಿನ ಚಾವಣಿ, ಸಾಲುಸಾಲು ಕಂಬ, ಹಸಿರು ಬಣ್ಣದ ಗಾಡಿಗಳು. ಉತ್ತರ ಅಮೆರಿಕ ಖಂಡದಲ್ಲಿ ಜನ ನೆಲದಡಿಗಿಳಿದು ಗಾಡಿ ಹತ್ತಿದ ಮೊದಲ ಜಾಗಗಳಲ್ಲಿ ಇದೊಂದು. 1897ರ ಸೆಪ್ಟೆಂಬರ್ 1ರಂದು ಪಾರ್ಕ್ ಸ್ಟ್ರೀಟ್ ಮತ್ತು ಅದರ ಪಕ್ಕದ ಬಾಯ್ಲ್‌ಸ್ಟನ್ ನಿಲ್ದಾಣಗಳು ಒಟ್ಟಿಗೆ ತೆರೆದವು. ನ್ಯೂಯಾರ್ಕಿನ ಹೆಸರಾಂತ ಸಬ್‌ವೇ ಬಂದದ್ದು ಅದಾದ ಏಳು ವರ್ಷಕ್ಕೆ, 1904ರಲ್ಲಿ.

ಈ ನಿಲ್ದಾಣ ಮೊದಲನೆಯದು ಎಂಬುದಕ್ಕಿಂತ ನನ್ನನ್ನು ಹೆಚ್ಚು ಹಿಡಿದಿಟ್ಟಿರುವ ವಿಷಯ ಬೇರೆ. ಬೀದಿಯಲ್ಲಿ ಟ್ರಾಮುಗಳ ಕಾಟ ತಾಳಲಾರದೆ ಅವನ್ನು ಕಣ್ಣಿಗೆ ಬೀಳದ ಹಾಗೆ ಮಾಡಲು ತೋಡಿದ ಸುರಂಗವಿದು. ಐವತ್ತು ಅರುವತ್ತು ವರ್ಷಗಳ ನಂತರ ಅಮೆರಿಕದ ಊರೂರಿನಲ್ಲಿ ಟ್ರಾಮುಗಳು ನಿರ್ನಾಮವಾದಾಗ, ಬಾಸ್ಟನ್ನಿನ ಟ್ರಾಮು ಉಳಿದದ್ದು ಇದೇ ಸುರಂಗದ ದೆಸೆಯಿಂದ.

ಹಳೆಯ ಬಾಸ್ಟನ್ ಒಂದು ಪರ್ಯಾಯ ದ್ವೀಪ. ಮೂರು ಕಡೆ ನೀರು, ನಡುವೆ ಡೊಂಕುಡೊಂಕಾದ ಓಣಿಗಳು. ಜನ ಮತ್ತು ದನ ನಡೆದಾಡಿಕೊಂಡಿದ್ದ ಕಾಲಕ್ಕೆ ಆ ಓಣಿಗಳೇ ಸಾಕಾಗಿದ್ದವು. 1890ರ ಹೊತ್ತಿಗೆ ಊರಿನ ಜನಸಂಖ್ಯೆ ನಾಲ್ಕೂವರೆ ಲಕ್ಷದ ಹತ್ತಿರಕ್ಕೆ ಬಂದಿತ್ತು. ಮನೆಗಳು ರಾಕ್ಸ್‌ಬರಿ, ಡಾರ್ಚೆಸ್ಟರ್, ಬ್ರೂಕ್ಲಿನ್ ಕಡೆಗೆ ಹಬ್ಬಿದ್ದವು, ಅಂಗಡಿ ಕಚೇರಿಗಳೆಲ್ಲ ಮಾತ್ರ ಹಳೆಯ ಓಣಿಗಳಲ್ಲೇ ಇದ್ದವು. ಬೆಳಗಾದರೆ ಇಡೀ ಊರು ಒಳಗೆ ಬರಬೇಕು, ಸಂಜೆಯಾದರೆ ಹೊರಗೆ ಹೋಗಬೇಕು.

ಬಹಳ ಕಾಲ ಅವರನ್ನು ಎಳೆದು ತಂದದ್ದು ಕುದುರೆಗಳು. ಹಳಿಯ ಮೇಲೆ ಓಡುವ ಪೆಟ್ಟಿಗೆಯಂಥ ಗಾಡಿ, ಮುಂದೆ ಎರಡು ಕುದುರೆ. ಕುದುರೆಯನ್ನು ನಂಬಿದ ಊರಿನ ಪಾಡು ಏನಾಗಬಹುದು ಎಂಬುದನ್ನು 1872 ತೋರಿಸಿಕೊಟ್ಟಿತ್ತು. ಆ ವರ್ಷ ಶರತ್ಕಾಲದಲ್ಲಿ ಅಮೆರಿಕದ ಕುದುರೆಗಳಿಗೆ ಒಂದು ಸಾಂಕ್ರಾಮಿಕ ಜ್ವರ ಬಂತು. ಲಾಯಗಳಲ್ಲಿ ಕೆಮ್ಮುತ್ತ ನಿಂತ ಪ್ರಾಣಿಗಳು ಹೆಜ್ಜೆ ಎತ್ತಿಡಲಾರವು. ಅಂಥ ಹೊತ್ತಿನಲ್ಲೇ, ನವೆಂಬರ್ 9ರ ಸಂಜೆ, ಬಾಸ್ಟನ್ನಿನ ವ್ಯಾಪಾರ ಕೇರಿಗೆ ಬೆಂಕಿ ಬಿತ್ತು. ಬೆಂಕಿ ಆರಿಸುವ ಉಗಿಯಂತ್ರಗಳನ್ನು ಎಳೆಯಲು ಕುದುರೆಗಳಿಲ್ಲದೆ ಮನುಷ್ಯರೇ ಹಗ್ಗ ಹಿಡಿದು ಎಳೆದರು. ಊರಿನ ಒಂದು ಭಾಗವೇ ಸುಟ್ಟು ಬೂದಿಯಾಯಿತು.

1887ರಲ್ಲಿ ಹೆನ್ರಿ ವಿಟ್ನಿ ಎಂಬ ವ್ಯಾಪಾರಿ ಊರಿನ ಟ್ರಾಮ್ ಕಂಪನಿಗಳನ್ನೆಲ್ಲ ಒಟ್ಟುಗೂಡಿಸಿ ವೆಸ್ಟ್ ಎಂಡ್ ಸ್ಟ್ರೀಟ್ ರೈಲ್ವೆ ಕಂಪನಿಯ ಕೈಗೆ ತಂದ. ಅದರ ಜೊತೆಗೆ ಎಂಟು ಸಾವಿರದಷ್ಟು ಕುದುರೆಗಳೂ ಅವನ ಪಾಲಿಗೆ ಬಂದವು. ಹುಲ್ಲು, ಹುರುಳಿ, ಲಾಳ, ಲಾಯ, ಬೀದಿ ತುಂಬ ಲದ್ದಿ. ಕುದುರೆಗಳ ಬದಲು ನೆಲದಡಿಯಲ್ಲಿ ಉಕ್ಕಿನ ಹಗ್ಗ ಓಡಿಸಿ ಗಾಡಿ ಎಳೆಸಬೇಕೆಂದು ವಿಟ್ನಿ ಲೆಕ್ಕ ಹಾಕುತ್ತಿದ್ದ. ಅದೇ ಹೊತ್ತಿಗೆ ದಕ್ಷಿಣದ ರಿಚ್ಮಂಡ್ ಪಟ್ಟಣದಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಎಂಜಿನಿಯರ್ ತಲೆಯ ಮೇಲಿನ ತಂತಿಯಿಂದ ವಿದ್ಯುತ್ ಹಿಡಿದು ಗಾಡಿ ಓಡಿಸುತ್ತಿದ್ದಾನೆ ಎಂಬ ಸುದ್ದಿ ಬಂತು.

1888ರ ಬೇಸಿಗೆಯಲ್ಲಿ ವಿಟ್ನಿ ಅದನ್ನು ಕಣ್ಣಾರೆ ನೋಡಲು ಹೋದ. ಅವನ ಜೊತೆಯವರಿಗೆ ಒಂದು ಸಂಶಯವಿತ್ತು: ಒಂದೋ ಎರಡೋ ಗಾಡಿ ಓಡಿಸುವುದು ಸರಿ, ಒಂದೇ ಕಡೆ ಹತ್ತಿಪ್ಪತ್ತು ಗಾಡಿ ಕೂಡಿಬಿಟ್ಟರೆ ವಿದ್ಯುತ್ ಸಾಲುತ್ತದೆಯೇ? ಸ್ಪ್ರೇಗ್ ಒಂದು ರಾತ್ರಿ 22 ಗಾಡಿಗಳನ್ನು ಹಳಿಯ ಒಂದು ತುದಿಯಲ್ಲಿ ಒಂದರ ಬೆನ್ನಿಗೊಂದು ನಿಲ್ಲಿಸಿದ. ಅಷ್ಟು ಗಾಡಿಗಳು ಒಂದೇ ಜಾಗದಿಂದ ಹೊರಡಬಹುದೆಂದು ಎಣಿಸಿ ಹಾಕಿದ ತಂತಿಯಲ್ಲ ಅದು. ಸನ್ನೆ ಕೊಟ್ಟಾಗ ಮೊದಲನೆಯದು ಹೊರಟಿತು, ಎರಡನೆಯದು, ಮೂರನೆಯದು. ಗಾಡಿಗಳೊಳಗಿನ ದೀಪಗಳು ಕ್ಷೀಣಿಸುತ್ತ ಕೆಂಪು ಎಳೆಗಳಷ್ಟೇ ಉಳಿದವು. ಆದರೆ ಒಂದು ಗಾಡಿಯೂ ನಿಲ್ಲಲಿಲ್ಲ, 22 ಗಾಡಿಗಳೂ ಕದಲಿದವು, ಆಮೇಲೆ ದೀಪಗಳೂ ಮತ್ತೆ ಬೆಳಗಿದವು. ಉಕ್ಕಿನ ಹಗ್ಗದ ಆಲೋಚನೆ ಅಲ್ಲಿಗೆ ಬಿಟ್ಟುಹೋಯಿತು. 1889ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ವಿದ್ಯುತ್ ಟ್ರಾಮು ಓಡತೊಡಗಿತು.

ಕುದುರೆ ಹೋದರೆ ಬೀದಿ ಹಗುರಾಗುತ್ತದೆ ಎಂದುಕೊಂಡಿದ್ದರು. ಆದದ್ದು ಬೇರೆ. ವಿದ್ಯುತ್ ಗಾಡಿ ದೊಡ್ಡದು, ವೇಗದ್ದು, ಐದು ಸೆಂಟಿಗೆ ಬಹುದೂರ ಒಯ್ಯುವಂಥದ್ದು. ಜನ ಇನ್ನೂ ದೂರಕ್ಕೆ ಮನೆ ಮಾಡಿದರು, ಗಾಡಿಗಳು ಹೆಚ್ಚಿದವು, ಎಲ್ಲವೂ ಬಂದು ಕೂಡುವ ಜಾಗ ಮಾತ್ರ ಒಂದೇ: ಟ್ರೆಮಾಂಟ್ ಬೀದಿ. ಒಂದು ಪಕ್ಕ ಕಾಮನ್, ಇನ್ನೊಂದು ಪಕ್ಕ ಅಂಗಡಿಸಾಲು. ಸಂಜೆ ಹೊತ್ತು ಅಲ್ಲಿ ಟ್ರಾಮಿನ ಮೂತಿಗೆ ಟ್ರಾಮಿನ ಬಾಲ ತಾಗಿ ನಿಲ್ಲುತ್ತಿದ್ದವು. ಗಾಡಿಗಳ ಚಾವಣಿಯ ಮೇಲೆ ಕಾಲಿಟ್ಟುಕೊಂಡೇ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಬಹುದು ಎಂಬ ಮಾತು ಊರಿನಲ್ಲಿ ಹುಟ್ಟಿದ್ದು ಆಗಲೇ. ಆ ಕಾಲದ ಛಾಯಾಚಿತ್ರಗಳನ್ನು ನೋಡಿದರೆ ಅದು ಬಾಯಿಮಾತಲ್ಲ ಎನ್ನಿಸುತ್ತದೆ.

ಹಾಗಾದರೆ ಏನು ಮಾಡುವುದು? ಬೀದಿ ಅಗಲಿಸಬಹುದಿತ್ತು, ಅಂಗಡಿಗಳನ್ನು ಕೆಡವಬೇಕಿತ್ತು. ನ್ಯೂಯಾರ್ಕಿನ ಹಾಗೆ ಉಕ್ಕಿನ ಕಂಬ ನೆಟ್ಟು ಬೀದಿಯ ಮೇಲೆಯೇ ರೈಲು ಓಡಿಸಬಹುದಿತ್ತು, ಕೆಳಗಿನ ಬೀದಿ ಕತ್ತಲಾಗುತ್ತಿತ್ತು. ಎಲ್ಲಕ್ಕಿಂತ ಸುಲಭದ್ದು, ಖರ್ಚಿಲ್ಲದ್ದು ಎಂದರೆ ಕಾಮನ್‌ನಲ್ಲಿ ಒಂದು ಪಟ್ಟಿ ತೆಗೆದುಕೊಂಡು ಹಳಿ ಹಾಕುವುದು. ಖಾಲಿ ಬಿದ್ದಿರುವ ಹುಲ್ಲು ತಾನೆ ಎಂದು ಕೇಳುವವರು ಎಲ್ಲ ಊರಿನಲ್ಲೂ ಇರುತ್ತಾರೆ, ಬಾಸ್ಟನ್ನಿನಲ್ಲೂ ಇದ್ದರು. ಆದರೆ ಆ ಊರಿನ ಜನ ಗೋಮಾಳದ ವಿಷಯದಲ್ಲಿ ಹಟಮಾರಿಗಳು. ಕಾಮನ್ ಮೇಲೆ ಹಳಿ ಬೀಳಕೂಡದು ಎಂದರು. ಮೇಲೆ ಬೇಡ, ಪಕ್ಕಕ್ಕೂ ಬೇಡ ಎಂದಾದ ಮೇಲೆ ಉಳಿದ ದಿಕ್ಕು ಒಂದೇ. ಒಂದು ಸಾರ್ವಜನಿಕ ಜಾಗವನ್ನು ಬಿಟ್ಟುಕೊಡಲು ಜನ ಒಪ್ಪದಿದ್ದುದರಿಂದ ಹುಟ್ಟಿದ ಸುರಂಗ ಇದು ಎಂಬುದು ನನಗೆ ಇವತ್ತಿಗೂ ದೊಡ್ಡ ಮಾತಾಗಿ ಕಾಣುತ್ತದೆ.

ನೆಲದಡಿಗೆ ಹೋಗುವುದಕ್ಕೂ ವಿರೋಧ ಕಡಿಮೆಯಿರಲಿಲ್ಲ. ವರ್ಷಗಟ್ಟಲೆ ಅಗೆತ ನಡೆದರೆ ವ್ಯಾಪಾರ ಮುಳುಗುತ್ತದೆ ಎಂದು ಟ್ರೆಮಾಂಟ್ ಬೀದಿಯ ಅಂಗಡಿಕಾರರು ಕೂಗೆದ್ದರು. ಸಾಮಾನ್ಯ ಜನರ ಭಯ ಬೇರೆ. ಲಂಡನ್ನಿನಲ್ಲಿ 1863ರಿಂದಲೇ ಸುರಂಗ ರೈಲು ಇತ್ತು, ಆದರೆ ಅದು ಉಗಿಬಂಡಿ ಎಳೆಯುವ, ಹೊಗೆ ತುಂಬಿದ ಸುರಂಗ. ಅಲ್ಲಿಂದ ಬಂದವರು ಹೇಳಿದ ಕತೆ ಕೇಳಿ ಉಸಿರು ಕಟ್ಟಿ ಸಾಯುತ್ತೇವೆ ಎಂದುಕೊಂಡವರಿದ್ದರು. ಮಣ್ಣಿನೊಳಗಿನ ಗಾಳಿಯಲ್ಲಿ ರೋಗವಿರುತ್ತದೆ ಎಂಬ ನಂಬಿಕೆಯೂ ಇತ್ತು. ಒಳಗೆ ಹೋಗುವುದು ಸತ್ತ ಮೇಲೆ ಇದ್ದೇ ಇದೆ, ಬದುಕಿರುವಾಗಲೇ ಏಕೆ?

1894ರ ಜುಲೈ 24ರಂದು ವಿಷಯವನ್ನು ಜನರ ಮತಕ್ಕೇ ಬಿಟ್ಟರು. ಸುಮಾರು ಹದಿನೈದು ಸಾವಿರ ಜನ ಬೇಕು ಎಂದರು, ಹದಿನಾಲ್ಕು ಸಾವಿರ ಜನ ಬೇಡ ಎಂದರು. ಅಂತರ ಸಾವಿರಕ್ಕೆ ತುಸು ಹೆಚ್ಚು. ಅಷ್ಟು ಮತಗಳು ಆ ಕಡೆ ತಿರುಗಿದ್ದರೆ ಟ್ರೆಮಾಂಟ್ ಬೀದಿಯ ಮೇಲೆ ಉಕ್ಕಿನ ಕಂಬಗಳು ಏಳುತ್ತಿದ್ದವೋ, ಕಾಮನ್ ಹರಿದುಹೋಗುತ್ತಿತ್ತೋ. ಕೆಲಸ ನೋಡಿಕೊಳ್ಳಲು ಬಾಸ್ಟನ್ ಟ್ರಾನ್ಸಿಟ್ ಕಮಿಷನ್ ಎಂಬ ಸರ್ಕಾರಿ ಮಂಡಳಿ ಬಂತು. ಸುರಂಗ ಊರಿನ ಸ್ವತ್ತು, ಕಂಪನಿ ಅದನ್ನು ಬಾಡಿಗೆಗೆ ಪಡೆಯಬೇಕು ಎಂಬ ಏರ್ಪಾಡು. ಮುಖ್ಯ ಎಂಜಿನಿಯರ್ ಹೊವರ್ಡ್ ಕಾರ್ಸನ್. 1895ರ ಮಾರ್ಚ್ 28ರಂದು ಪಬ್ಲಿಕ್ ಗಾರ್ಡನ್ ಉದ್ಯಾನದಲ್ಲಿ ರಾಜ್ಯಪಾಲ ಫ್ರೆಡರಿಕ್ ಗ್ರೀನ್‌ಹಾಲ್ಜ್ ಮೊದಲ ಸಲಿಕೆ ಮಣ್ಣು ಎತ್ತಿದರು.

ಇದು ಬಂಡೆ ಕೊರೆದು ಮಾಡಿದ ಆಳದ ಸುರಂಗವಲ್ಲ. ಮೇಲಿನಿಂದ ಕಂದಕ ತೋಡುವುದು, ಎರಡು ಬದಿ ಗೋಡೆ ಏರಿಸುವುದು, ಉಕ್ಕಿನ ತೊಲೆ ಹಾಯಿಸಿ ತೊಲೆಗಳ ನಡುವೆ ಇಟ್ಟಿಗೆಯ ಕಮಾನು ಕಟ್ಟುವುದು, ಮೇಲೆ ಮಣ್ಣು ಮುಚ್ಚಿ ಬೀದಿ ಹಾಸುವುದು. ಹೆಚ್ಚಿನ ಕೆಲಸ ಗುದ್ದಲಿ, ಸಲಿಕೆ, ಕುದುರೆಗಾಡಿಯಿಂದಲೇ ಆಯಿತು. ಐರ್ಲೆಂಡಿನಿಂದ, ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು ಕಂದಕದಲ್ಲಿ ಇಳಿದು ದುಡಿದರು. ಬೀದಿಯ ಭಾಗದಲ್ಲಿ ಹಗಲು ಓಡಾಟ ನಿಲ್ಲಬಾರದೆಂದು ಅಡ್ಡಡ್ಡಲಾಗಿ ಕಿರಿದಾದ ಪಟ್ಟಿಗಳನ್ನು ರಾತ್ರಿ ಹೊತ್ತು ತೋಡಿ, ಬೆಳಗಾಗುವುದರೊಳಗೆ ಮರದ ಹಲಗೆ ಮುಚ್ಚುವ ಉಪಾಯವನ್ನೂ ಮಾಡಿದರು. ನಿಲ್ದಾಣಕ್ಕೆ ಒಂದೇ ಅಂತಸ್ತು ಇಳಿದರೆ ಸಾಕು ಎಂದೆನಲ್ಲ, ಅದಕ್ಕೆ ಕಾರಣ ಈ ಕ್ರಮ. ಬಾಯ್ಲ್‌ಸ್ಟನ್ ಬಳಿ ಸುರಂಗ ಗಕ್ಕನೆ ತಿರುಗುವುದಕ್ಕೂ ಇದೇ ಕಾರಣ: ಮೇಲಿನ ಬೀದಿ ಎಲ್ಲಿ ತಿರುಗುತ್ತದೋ ಕೆಳಗಿನ ಹಳಿಯೂ ಅಲ್ಲೇ ತಿರುಗಬೇಕು.

ಅಗೆಯತೊಡಗಿ ಕೆಲವೇ ವಾರಗಳಲ್ಲಿ ಗುದ್ದಲಿಗೆ ಎಲುಬು ತಾಗಿತು.

ಕಾಮನ್‌ನ ದಕ್ಷಿಣದ ಅಂಚಿನಲ್ಲಿ ಸೆಂಟ್ರಲ್ ಬರಿಯಿಂಗ್ ಗ್ರೌಂಡ್ ಎಂಬ ಹಳೆಯ ಸ್ಮಶಾನವಿದೆ, 1756ರದ್ದು. ಡಾಲರ್ ನೋಟಿನ ಮೇಲಿನ ವಾಷಿಂಗ್ಟನ್ ಮುಖಕ್ಕೆ ಮೂಲವಾದ ಚಿತ್ರ ಬರೆದ ಗಿಲ್ಬರ್ಟ್ ಸ್ಟುವರ್ಟ್‌ನನ್ನು ಹೂಳಿದ್ದು ಅಲ್ಲೇ. ಸ್ಮಶಾನದ ಬೇಲಿ ಎಲ್ಲಿ ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೇಲಿಯಾಚೆ, ಜನ ಅಡ್ಡಾಡುತ್ತಿದ್ದ ಕಾಲುದಾರಿಯ ಕೆಳಗೂ ಸತ್ತವರು ಮಲಗಿದ್ದಾರೆ ಎಂಬುದು ಮರೆತುಹೋಗಿತ್ತು. ಅಗೆದಷ್ಟೂ ಬಂದರು, ಒಬ್ಬರಲ್ಲ ಇಬ್ಬರಲ್ಲ, 900ಕ್ಕೂ ಹೆಚ್ಚು ಜನ. ಹೆಸರಿಲ್ಲ, ಕಲ್ಲಿಲ್ಲ, ಪೆಟ್ಟಿಗೆಯ ಮರ ಮಣ್ಣಾಗಿದೆ. ಊರಿನವರು ಕಂದಕದ ಅಂಚಿಗೆ ಬಂದು ಮುಗಿಬಿದ್ದು ನೋಡಿದರು. ವೈದ್ಯರೂ ಹಿಂದೊಮ್ಮೆ ಮೇಯರ್ ಆಗಿದ್ದವರೂ ಆದ ಸ್ಯಾಮ್ಯುಯೆಲ್ ಗ್ರೀನ್ ಅವರಿಗೆ ಮೇಲ್ವಿಚಾರಣೆ ವಹಿಸಿದರು. ಎಲುಬುಗಳನ್ನು ಆಯ್ದು ಪೆಟ್ಟಿಗೆಗಳಲ್ಲಿಟ್ಟು ಅದೇ ಸ್ಮಶಾನದ ಒಂದು ಬದಿಗೆ ಮತ್ತೆ ಮಣ್ಣು ಮಾಡಿದರು. ಸಬ್‌ವೇ ಅಗೆಯುವಾಗ ಸಿಕ್ಕವರು ಇಲ್ಲಿದ್ದಾರೆ ಎಂದು ತಿಳಿಸುವ ಒಂದು ಕಲ್ಲು ಅಲ್ಲಿದೆ. ಅವರ ಜಾಗವನ್ನು ಹಳಿಗೆ ಕೊಟ್ಟದ್ದಕ್ಕೆ ಊರು ಅವರಿಗೆ ಕೊಟ್ಟ ವಿಳಾಸ ಅದು.

ಪಾರ್ಕ್ ಸ್ಟ್ರೀಟ್ ಕಡೆಯ ತುದಿಯಲ್ಲಿ ಇನ್ನೊಂದು ರಾದ್ಧಾಂತ. ನಿಲ್ದಾಣದ ಎದುರಿಗೇ ಪಾರ್ಕ್ ಸ್ಟ್ರೀಟ್ ಚರ್ಚ್ ಇದೆ, ಬಿಳಿ ಗೋಪುರದ್ದು, 1810ರದ್ದು. 1829ರಲ್ಲಿ ವಿಲಿಯಂ ಲಾಯ್ಡ್ ಗ್ಯಾರಿಸನ್ ಗುಲಾಮಗಿರಿಯ ವಿರುದ್ಧ ಹೆಸರಾಂತ ಭಾಷಣ ಮಾಡಿದ್ದು ಅಲ್ಲಿಯೇ. ಅಗೆತದ ವೇಳೆ ಅದರ ಮುಂದೆ ನೀರಿನ ದೊಡ್ಡ ಕೊಳವೆ ಒಡೆದು, ಚಿಮ್ಮಿದ ಕೆಸರು ಪಾದ್ರಿಯ ಓದುಕೋಣೆಯೊಳಗೂ ಬಿತ್ತು. ಅವರು ಇದು ಸೈತಾನನ ಕೆಲಸ ಎಂದು ಪೀಠದಿಂದಲೇ ಗುಡುಗಿದರು. ಸ್ಮಶಾನ ಕೆದಕಿದ್ದರಿಂದ ಹೆದರಿದ್ದ ಜನಕ್ಕೆ ಆ ಮಾತು ಬರೀ ಸಿಟ್ಟಿನ ಮಾತಾಗಿ ಕೇಳಿರಲಾರದು.

ನಿಜವಾದ ಅನಾಹುತ ನಡೆದದ್ದು 1897ರ ಮಾರ್ಚ್ 4ರಂದು. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಮೆಕಿನ್ಲಿ ಪ್ರಮಾಣವಚನ ಸ್ವೀಕರಿಸುತ್ತಿದ್ದ ದಿನ ಅದು. ಟ್ರೆಮಾಂಟ್ ಮತ್ತು ಬಾಯ್ಲ್‌ಸ್ಟನ್ ಬೀದಿ ಕೂಡುವ ಜಾಗದಲ್ಲಿ ಕೆಲವು ದಿನಗಳಿಂದ ಗ್ಯಾಸಿನ ವಾಸನೆ ಬರುತ್ತಿತ್ತು. ಸುರಂಗದ ಚಾವಣಿಗೂ ಬೀದಿಯ ಹಲಗೆಗೂ ನಡುವೆ ಟೊಳ್ಳು ಜಾಗ ಉಳಿದಿತ್ತು, ಸೋರಿದ ಅನಿಲ ಅಲ್ಲಿ ಬಂದು ತುಂಬಿಕೊಂಡಿತ್ತು. ಮಧ್ಯಾಹ್ನಕ್ಕೆ ಇನ್ನೂ ಕಾಲು ಗಂಟೆಯಿತ್ತು. ಮೇಲೆ ಹಾದುಹೋಗುತ್ತಿದ್ದ ಟ್ರಾಮಿನಿಂದ ಕಿಡಿ ಹಾರಿತೆನ್ನುತ್ತಾರೆ. ಬೀದಿ ಮೇಲೆದ್ದು ಬಿತ್ತು. ಟ್ರಾಮುಗಳು ಹೊತ್ತಿ ಉರಿದವು, ಕುದುರೆಗಳು ಸರಂಜಾಮಿನೊಡನೆ ಸತ್ತು ಬಿದ್ದವು, ಸುತ್ತಲಿನ ಕಟ್ಟಡಗಳ ಗಾಜೆಲ್ಲ ಪುಡಿಯಾಯಿತು. ಹಲವರು ಪ್ರಾಣ ಕಳೆದುಕೊಂಡರು, ಹತ್ತಾರು ಜನ ಗಾಯಗೊಂಡರು. ಸುರಂಗ ತೆರೆಯಲು ಇನ್ನು ಆರೇ ತಿಂಗಳು. ವಾಸನೆ ಬರುತ್ತಿದೆ ಎಂದು ದಾರಿಹೋಕರು ಹೇಳುತ್ತಲೇ ಇದ್ದರು ಎಂಬುದನ್ನು ಓದುವಾಗ ಇಂದಿಗೂ ಕರುಳು ಹಿಂಡುತ್ತದೆ. ನಗರಗಳು ಕಟ್ಟುವ ಭರದಲ್ಲಿ ಇಂಥ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆದರೂ ಸುರಂಗದ ಚಾವಣಿ ಗಟ್ಟಿಯಾಗಿ ನಿಂತಿತ್ತು, ಕೆಲಸ ನಿಲ್ಲಲಿಲ್ಲ.

ಸೆಪ್ಟೆಂಬರ್ 1, ಬುಧವಾರ, ಬೆಳಗಿನ ಜಾವ. ನಗರದ ಪಶ್ಚಿಮದ ಆಲ್‌ಸ್ಟನ್ ಷೆಡ್ಡಿನಿಂದ 1752ನೇ ನಂಬರಿನ ಗಾಡಿ ಹೊರಟಿತು. ಬೇಸಿಗೆ ಕಾಲದ ಗಾಡಿ, ಪಕ್ಕಗಳಿಗೆ ಗೋಡೆಯಿಲ್ಲ, ಅಡ್ಡ ಬೆಂಚುಗಳಷ್ಟೇ. ಮೋಟಾರ್‌ಮ್ಯಾನ್ ಜೇಮ್ಸ್ ರೀಡ್, ಕಂಡಕ್ಟರ್ ಗಿಲ್ಮನ್ ಟ್ರುಫಂಟ್. ಮೊದಲ ಗಾಡಿಯಲ್ಲಿ ಹೋಗಬೇಕೆಂದು ಜನ ದಾರಿಯುದ್ದಕ್ಕೂ ಕಾದು ನಿಂತಿದ್ದರು. ಬೆಂಚು ತುಂಬಿತು, ನಡುವಿನ ಸಂದು ತುಂಬಿತು, ಆಮೇಲೆ ಬಂದವರು ಪಕ್ಕದ ಮೆಟ್ಟಿಲು ಹಲಗೆಯ ಮೇಲೆ ಸಾಲಾಗಿ ನೇತುಬಿದ್ದರು. ಪಬ್ಲಿಕ್ ಗಾರ್ಡನ್ ಬಳಿ ಹಳಿ ಇಳಿಜಾರಾಗುವಲ್ಲಿ ನೂರಕ್ಕೂ ಹೆಚ್ಚು ಜನ ಆ ಗಾಡಿಯಲ್ಲಿದ್ದರು. ಆರು ಗಂಟೆ ಹೊಡೆದ ಕೆಲವೇ ನಿಮಿಷಕ್ಕೆ ಜೇಮ್ಸ್ ರೀಡ್ ಗಾಡಿಯನ್ನು ಸುರಂಗದ ಬಾಯಿಗೆ ಇಳಿಸಿದ. ಜನ ಹೋ ಎಂದು ಕೂಗುತ್ತಿದ್ದರು.

ಒಳಗೆ ಕತ್ತಲಿರಲಿಲ್ಲ. ಸುಣ್ಣ ಬಳಿದ ಬಿಳಿಗೋಡೆ, ಉದ್ದಕ್ಕೂ ವಿದ್ಯುತ್ ದೀಪ. ಹೊಗೆಯಿಲ್ಲ, ಏಕೆಂದರೆ ಉಗಿಬಂಡಿಯಿಲ್ಲ. ಗಾಳಿಯಾಡಲು ದೊಡ್ಡ ಪಂಖಗಳಿದ್ದವು. ಪಾರ್ಕ್ ಸ್ಟ್ರೀಟಿನಲ್ಲಿ ಇಳಿದವರಲ್ಲಿ ಎಷ್ಟೋ ಜನ ಮೇಲೆ ಹತ್ತದೆ ಮತ್ತೆ ಐದು ಸೆಂಟ್ ಕೊಟ್ಟು ಇನ್ನೊಂದು ಗಾಡಿ ಹಿಡಿದರು. ಆ ದಿನ ಸುರಂಗದಲ್ಲಿ ಓಡಾಡಿದವರ ಸಂಖ್ಯೆ ಲಕ್ಷ ದಾಟಿತು. ಬದುಕಿರುವಾಗಲೇ ಮಣ್ಣಿನೊಳಗೆ ಏಕೆ ಎಂದವರೂ ಆ ಲಕ್ಷದಲ್ಲಿ ಇದ್ದಿರಬೇಕು.

ಖರ್ಚಿಗೆಂದು ಎತ್ತಿಟ್ಟಿದ್ದು 50 ಲಕ್ಷ ಡಾಲರ್, ಕೆಲಸ ಮುಗಿದದ್ದು ಅದಕ್ಕಿಂತ ಕಡಿಮೆಯಲ್ಲಿ. 1898ರ ಸೆಪ್ಟೆಂಬರಿನಲ್ಲಿ ಸುರಂಗ ಉತ್ತರದ ಸ್ಕಾಲಿ ಸ್ಕ್ವೇರ್, ಹೇಮಾರ್ಕೆಟ್‌ವರೆಗೆ ಮುಟ್ಟಿತು. ಟ್ರೆಮಾಂಟ್ ಬೀದಿಯ ಮೇಲಿನ ಹಳಿಗಳನ್ನು ಕಿತ್ತರು. ಇದ್ದಕ್ಕಿದ್ದಂತೆ ಬೀದಿ ಅಗಲವಾಗಿ ಕಂಡಿತು. ಊರಿಗೆ ಸಿಕ್ಕದ ಸಮಾಧಾನ ಒಂದೇ, ಮೊದಲು ಹೇಳಿದ ಆ ಗ್ರಾನೈಟಿನ ಬಾಗಿಲುಮನೆಗಳದ್ದು. ಎಡ್ಮಂಡ್ ವೀಲ್‌ರೈಟ್ ಎಂಬ ವಾಸ್ತುಶಿಲ್ಪಿ ಅವನ್ನು ಗಟ್ಟಿಯಾಗಿ, ಗಂಭೀರವಾಗಿ ಕಟ್ಟಿಸಿದ್ದರು. ಗೋರಿಯ ಹಾಗಿದೆ ಎಂಬ ದೂರು ಬಹಳ ಕಾಲ ನಡೆಯಿತು. ಪಾರ್ಕ್ ಸ್ಟ್ರೀಟಿನಲ್ಲಿ ಅಂಥವು ನಾಲ್ಕಿದ್ದವು, ಈಗ ಎರಡುಳಿದಿವೆ.

ಮುಂದಿನ ಕೆಲವು ವರ್ಷ ನಿಲ್ದಾಣದ ಪಾಲಿಗೆ ಗೊಂದಲದವು. 1901ರಿಂದ 1908ರವರೆಗೆ, ಊರಿನ ಬೇರೆ ಭಾಗದಲ್ಲಿ ಕಂಬಗಳ ಮೇಲೆ ಓಡುತ್ತಿದ್ದ ದೊಡ್ಡ ರೈಲುಗಳನ್ನೂ ಈ ಟ್ರಾಮು ಸುರಂಗದೊಳಗೇ ನುಗ್ಗಿಸಿದರು. ಅವಕ್ಕಾಗಿ ಎತ್ತರದ ಮರದ ಅಟ್ಟಣೆ ಹಾಕಿದರು, ಪ್ರತ್ಯೇಕ ಸುರಂಗ ಸಿದ್ಧವಾದ ಮೇಲೆ ಕಿತ್ತರು. 1912ರ ಮಾರ್ಚ್ 23ರಂದು ಇನ್ನೊಂದು ಹೊಸತು ಬಂತು. ಕೇಂಬ್ರಿಜ್‌ನ ಹಾರ್ವರ್ಡ್ ಚೌಕದಿಂದ ಹೊರಟ ಸುರಂಗ ರೈಲು ನದಿ ದಾಟಿ ಬಂದು ಪಾರ್ಕ್ ಸ್ಟ್ರೀಟಿನ ಅಡಿಯಲ್ಲಿ, ಟ್ರಾಮು ನಿಲ್ದಾಣಕ್ಕೂ ಕೆಳಗೆ, ನಿಂತಿತು. ಆ ಕೆಳಗಿನ ಅಂತಸ್ತಿಗೆ ಪಾರ್ಕ್ ಸ್ಟ್ರೀಟ್ ಅಂಡರ್ ಎಂದು ಹೆಸರಿಟ್ಟರು. ಹಾರ್ವರ್ಡ್‌ನಿಂದ ಎಂಟೇ ನಿಮಿಷ. ಅಲ್ಲಿಂದೀಚೆ ಆ ಊರಿಗೆ ಓದಲು ಹೋದವರೆಲ್ಲ, ಹಾರ್ವರ್ಡ್‌ಗೋ ಎಂಐಟಿಗೋ ಹೋದ ನಮ್ಮ ಹುಡುಗ ಹುಡುಗಿಯರೂ ಸೇರಿ, ಕೆಳಗಿನ ರೈಲಿನಿಂದ ಮೇಲಿನ ಟ್ರಾಮಿಗೆ ಬದಲಾಯಿಸಲು ಈ ಮೆಟ್ಟಿಲುಗಳಲ್ಲಿ ಓಡಿದವರೇ.

ಈ ಸುರಂಗದ ಸುತ್ತ ಒಂದು ಹಾಡೂ ಹುಟ್ಟಿದೆ. 1949ರಲ್ಲಿ ಮೇಯರ್ ಚುನಾವಣೆಗೆ ನಿಂತಿದ್ದ ವಾಲ್ಟರ್ ಓಬ್ರಿಯನ್ ಪರವಾಗಿ ಜಾಕ್ವೆಲಿನ್ ಸ್ಟೈನರ್ ಮತ್ತು ಬೆಸ್ ಲೊಮ್ಯಾಕ್ಸ್ ಹಾಸ್ ಕಟ್ಟಿದ ಹಾಡು. ಗಾಡಿಯಿಂದ ಇಳಿಯುವಾಗ ಹೆಚ್ಚುವರಿ ಕಾಸು ಕೊಡಬೇಕೆಂಬ ದರ ಏರಿಕೆಯನ್ನು ವಿರೋಧಿಸಿ ಬರೆದದ್ದು. ಕಾಸಿಲ್ಲದ ಚಾರ್ಲಿ ಎಂಬಾತ ಇಳಿಯಲಾರದೆ ನೆಲದಡಿಯಲ್ಲೇ ಶಾಶ್ವತವಾಗಿ ಸುತ್ತುತ್ತಿರುತ್ತಾನೆ. ಓಬ್ರಿಯನ್ ಚುನಾವಣೆಯಲ್ಲಿ ಸೋತರು. ಹತ್ತು ವರ್ಷದ ನಂತರ ಕಿಂಗ್‌ಸ್ಟನ್ ಟ್ರಿಯೊ ಎಂಬ ಗಾಯಕರ ತಂಡ ಅದನ್ನು ಹಾಡಿದ ಮೇಲೆ ಚಾರ್ಲಿ ದೇಶಕ್ಕೆಲ್ಲ ಪರಿಚಿತನಾದ. 2006ರಲ್ಲಿ ಬಾಸ್ಟನ್ನಿನ ಸಾರಿಗೆ ಸಂಸ್ಥೆ ಹೊಸ ಟಿಕೆಟ್ ಕಾರ್ಡ್ ತಂದಾಗ ಅದಕ್ಕೆ ಇಟ್ಟ ಹೆಸರು ಚಾರ್ಲಿಕಾರ್ಡ್.

ಹಾಡು ಹುಟ್ಟಿದ ಆ ಕಾಲವೇ ಅಮೆರಿಕದ ಟ್ರಾಮುಗಳಿಗೆ ಕೆಟ್ಟ ಕಾಲ. ಮನೆಮನೆಗೆ ಕಾರು ಬಂದಿತ್ತು. ಹಳಿ ದುರಸ್ತಿ ಮಾಡುವುದಕ್ಕಿಂತ ಬಸ್ಸು ಬಿಡುವುದು ಅಗ್ಗ ಎಂದು ಊರೂರು ತೀರ್ಮಾನಿಸಿದವು. ಡೆಟ್ರಾಯಿಟ್‌ನಲ್ಲಿ 1956ಕ್ಕೆ, ಶಿಕಾಗೋದಲ್ಲಿ 1958ಕ್ಕೆ, ವಾಷಿಂಗ್ಟನ್ನಿನಲ್ಲಿ 1962ಕ್ಕೆ, ಲಾಸ್ ಏಂಜಲೀಸಿನಲ್ಲಿ 1963ಕ್ಕೆ ಕೊನೆಯ ಟ್ರಾಮು ಷೆಡ್ಡಿಗೆ ಹೋಯಿತು. ಹಳಿಗಳ ಮೇಲೆ ಟಾರು ಹಾಕಿದರು. ಬಾಸ್ಟನ್ನಿನಲ್ಲೂ ಎಷ್ಟೋ ದಾರಿಗಳಿಗೆ ಬಸ್ಸು ಬಂತು. ಆದರೆ ಪಾರ್ಕ್ ಸ್ಟ್ರೀಟಿಗೆ ಬರುವ ದಾರಿಗಳ ಮಟ್ಟಿಗೆ ಆ ಲೆಕ್ಕ ಕೂಡಿಬರಲಿಲ್ಲ. 1897ರ ಇಕ್ಕಟ್ಟಾದ, ಮೊಟಕು ಚಾವಣಿಯ ಸುರಂಗದೊಳಗೆ ಹೊಗೆಯುಗುಳುವ ಬಸ್ಸು ಬಿಡುವಂತಿರಲಿಲ್ಲ. ಸುರಂಗ ಬಿಟ್ಟು ಮೇಲೆ ಓಡಿಸಿದರೆ ಅಷ್ಟು ಜನರನ್ನು ಹಳೆಯ ಓಣಿಗಳು ತಾಳಲಾರವು. ಹೀಗಾಗಿ ಸುರಂಗ ಮುಟ್ಟುವ ಟ್ರಾಮುಗಳು ಬದುಕಿದವು. ಸ್ಯಾನ್ ಫ್ರಾನ್ಸಿಸ್ಕೋ, ಫಿಲಡೆಲ್ಫಿಯ, ನೂಅರ್ಕ್‌ಗಳಲ್ಲಿ ಟ್ರಾಮು ಉಳಿದುಕೊಂಡದ್ದರ ಹಿಂದೆಯೂ ಅವುಗಳ ಸುರಂಗಗಳೇ ಇವೆ.

ಬಾಸ್ಟನ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 1959ರ ಜುಲೈ 4ರಂದು, ಮುಚ್ಚಿಹೋಗಿದ್ದ ಒಂದು ಹಳೆಯ ರೈಲುಮಾರ್ಗವನ್ನು ಸುರಂಗಕ್ಕೆ ಜೋಡಿಸಿ ಅದರ ಮೇಲೆ ಟ್ರಾಮು ಓಡಿಸಿದರು. ನ್ಯೂಟನ್ ಕಡೆಯ ಮರಗಳ ನಡುವಿನಿಂದ ಹೊರಟವರು ಕಾರು, ರಸ್ತೆ, ಸಿಗ್ನಲ್ ಯಾವುದರ ಗೊಡವೆಯಿಲ್ಲದೆ ಪಾರ್ಕ್ ಸ್ಟ್ರೀಟಿಗೆ ಬಂದಿಳಿಯಬಹುದಾಯಿತು. ಜನ ಮುಗಿಬಿದ್ದರು. ಟ್ರಾಮಿನ ಹಗುರ ಗಾಡಿ, ರೈಲಿನ ಹಾಗೆ ತನ್ನದೇ ದಾರಿ: ಲೈಟ್ ರೈಲ್ ಎಂಬ ಮಾತು 1972ರಲ್ಲಿ ಅಮೆರಿಕ ಸರ್ಕಾರದ ಸಾರಿಗೆ ಇಲಾಖೆಯಲ್ಲಿ ಚಾಲ್ತಿಗೆ ಬರುವ ಹೊತ್ತಿಗೆ ಆ ವಸ್ತು ಬಾಸ್ಟನ್ನಿನಲ್ಲಿ ಹದಿಮೂರು ವರ್ಷದಿಂದ ಓಡುತ್ತಿತ್ತು. 1965ರಲ್ಲಿ ಊರಿನ ಮಾರ್ಗಗಳಿಗೆಲ್ಲ ಬಣ್ಣದ ಹೆಸರು ಇಟ್ಟಾಗ, ಉದ್ಯಾನಗಳ ಸಾಲಿನ ಪಕ್ಕ ಹಾದುಹೋಗುವ ಈ ಟ್ರಾಮು ಗ್ರೀನ್ ಲೈನ್ ಆಯಿತು. ಹಾರ್ವರ್ಡ್‌ಗೆ ಹೋಗುವ ಕೆಳಗಿನ ರೈಲು ಆ ವಿಶ್ವವಿದ್ಯಾಲಯದ ಬಣ್ಣದಿಂದ ರೆಡ್ ಲೈನ್ ಆಯಿತು.

ಹೊಸ ಹೆಸರಿಗೆ ತಕ್ಕ ಹೊಸ ಗಾಡಿ ಬೇಕೆಂದು ಹೊರಟದ್ದರಲ್ಲಿ ಮಾತ್ರ ಪೆಟ್ಟು ಬಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೆಲಿಕಾಪ್ಟರ್ ಮಾಡಿಕೊಡುತ್ತಿದ್ದ ಬೋಯಿಂಗ್ ವರ್ಟಾಲ್ ಕಾರ್ಖಾನೆ ದೇಶಕ್ಕೆಲ್ಲ ಒಂದೇ ಮಾದರಿಯ ಲೈಟ್ ರೈಲ್ ಗಾಡಿ ಮಾಡುವ ಕೆಲಸ ಹಿಡಿಯಿತು. 1976ರ ಡಿಸೆಂಬರಿನಲ್ಲಿ ಅವು ಬಾಸ್ಟನ್ನಿನ ಹಳಿಗೆ ಇಳಿದವು. ಬಾಗಿಲುಗಳ ಯಂತ್ರ ಕೆಟ್ಟು ನಿಲ್ಲುತ್ತಿತ್ತು, ಬಿಗಿ ತಿರುವುಗಳಲ್ಲಿ ಗಾಡಿ ಹಳಿ ತಪ್ಪುತ್ತಿತ್ತು. ಹೊಸ ಗಾಡಿಗಳು ಷೆಡ್ಡು ಸೇರಿದಾಗ, ನಿವೃತ್ತಿಗೆ ಕಾದಿದ್ದ 1940ರ ದಶಕದ ಹಳೆಯ ಗಾಡಿಗಳನ್ನೇ ರಿಪೇರಿ ಮಾಡಿ ಮತ್ತೆ ಓಡಿಸಿದರು. ಆ ತಿರುವುಗಳನ್ನು ಬಲ್ಲವು ಅವು.

ಇತ್ತೀಚಿನ ಸಂಗತಿಯೆಂದರೆ 2022. ಆ ವರ್ಷ ಮಾರ್ಚ್‌ನಲ್ಲಿ ಯೂನಿಯನ್ ಸ್ಕ್ವೇರ್‌ಗೆ, ಡಿಸೆಂಬರಿನಲ್ಲಿ ಮೆಡ್‌ಫರ್ಡ್‌ಗೆ ಹೊಸ ಹಳಿ ತೆರೆಯಿತು. ಎಷ್ಟೋ ದಶಕ ಬರೀ ಮೊಟಕಾಗುತ್ತಲೇ ಬಂದಿದ್ದ ಮಾರ್ಗ ಉತ್ತರಕ್ಕೆ ಬೆಳೆಯಿತು. ಪಾರ್ಕ್ ಸ್ಟ್ರೀಟಿನ ಫಲಕಗಳಲ್ಲಿ ಈಗ ಆ ಹೆಸರುಗಳೂ ಇವೆ.

ಇಲ್ಲಿಂದ ಒಂದೇ ನಿಲ್ದಾಣ ಆಚೆಗೆ ಬಾಯ್ಲ್‌ಸ್ಟನ್. 1897ರಲ್ಲಿ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇರುವುದು ಅದು. ಹೊರಬದಿಯ ಎರಡು ಹಳಿಗಳ ಮೇಲೆ 1962ರ ನಂತರ ಪ್ರಯಾಣಿಕರ ಗಾಡಿ ಓಡಿಲ್ಲ. ಹಳೆಯ ಕಾಲದ ಎರಡು ಟ್ರಾಮುಗಳು ಅಲ್ಲಿ ಬಹಳ ವರ್ಷ ಧೂಳು ಹೊದ್ದು ನಿಂತಿದ್ದವು. ಬೆಂಚಿನ ಮೇಲೆ ಕೂತರೆ ಗಾಡಿ ಕಾಣುವುದಕ್ಕೆ ಮೊದಲೇ ಕೇಳಿಸುತ್ತದೆ. ಆ ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜಿ ಏಳುವ ಕಿರುಚು, ಗರಗಸಕ್ಕೆ ತಗಡು ಕೊಟ್ಟ ಹಾಗೆ. ಒಮ್ಮೆ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಾಕೆ ಮಗುವಿನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ ಹಿಡಿದು ನಿಂತಿದ್ದಳು. ಗೋಡೆ ಮೊದಲು ಬೆಳಗಾಯಿತು, ಆಮೇಲೆ ಹಸಿರು ಮೂತಿ ನಿಧಾನವಾಗಿ ತಿರುಗಿ ನೆಟ್ಟಗಾಯಿತು. ಗಾಡಿ ನಿಂತ ಮೇಲೆ ಆಕೆ ಕೈ ತೆಗೆದಳು. ಮಗು ಸುರಂಗದ ಕಡೆಗೇ ಕತ್ತು ಹೊರಳಿಸಿ ಇನ್ನೊಂದು ಬರುತ್ತದೆಯೇ ಎಂದು ನೋಡುತ್ತಿತ್ತು.